ಹೊರಗಿಣುಕಿದ ಕೆಂಪು

ಪ್ರೀತಿಯ ಡಾರ್ಲಾ,

ಸತ್ತ ಕಾವಲುಗಾರರಿಗೆ ಕೊನೆಯ ಗೌರವ ಸಲ್ಲಿಸುವ ನಮ್ಮ ಜೈಲಿನ ಗೌರವ ದಳಕ್ಕೆ ನಿನ್ನನ್ನು ಸೇರಿಸಿಕೊಂಡರೆಂದು ನಿಮ್ಮಮ್ಮ ಹೇಳಿದಳು. ಅಲ್ಲಿ ನನ್ನಷ್ಟು ಅಚ್ಚುಕಟ್ಟಾಗಿ ಬಾವುಟ ಮಡಿಸುವವನು ಇನ್ನೂ ಹುಟ್ಟಿಲ್ಲ. ಬೇಕಾದರೆ ಕೈದಿಗಳನ್ನೇ ಕೇಳು.

ಮಂಗಳವಾರದ ಸಂಗತಿಯನ್ನು ಮಾತ್ರ ನನ್ನಿಂದಲೇ ತಿಳಿದುಕೊ. ನನ್ನ ಜೊತೆ ಜೈಲು ಕಾದ ವರ್ನನ್‌ನ ಶವಪೆಟ್ಟಿಗೆಯ ಮೇಲಿನ ಬಾವುಟವನ್ನು ನಾನೇ ಮಡಿಸುತ್ತೇನೆಂದು ಹಟ ಹಿಡಿದೆ. ಮಡಿಸಿದ ಮೇಲೆ ನೀಲಿ ಬಣ್ಣ, ನಕ್ಷತ್ರಗಳು ಮಾತ್ರ ಕಾಣಬೇಕು, ಕೆಂಪು ಪಟ್ಟೆಗಳೆಲ್ಲ ಒಳಗೆ ಅಡಗಬೇಕು. ಒಂದು ಮೂಲೆಯಲ್ಲಿ ಕೆಂಪು ಪಟ್ಟೆ ನಾಲಗೆ ಚಾಚಿತ್ತು. ಅದನ್ನು ಹೆಬ್ಬೆರಳಿನಲ್ಲಿ ಮುಚ್ಚಿ, ಅವನ ಹೆಂಡತಿ ಓಪಲ್ ಮುಂದೆ ಮಂಡಿಯೂರಿ ಕೊಟ್ಟೆ.

ಅವಳು ನೋಡಿಬಿಟ್ಟಳು. "ಹೋಗ್ಲಿ ಬಿಡೋ ಹಾರ್ಲನ್, ಅವನ ಅಂಗಿ ತುದೀನೂ ದಿನಾ ಹೊರಗೇ ನೇತಾಡ್ತಿತ್ತು" ಅಂದಳು. ಗಂಡನನ್ನು ಮಣ್ಣು ಮಾಡುವ ಹೊತ್ತಿನಲ್ಲಿ ಅವಳು ನನಗೆ ಸಮಾಧಾನ ಹೇಳಬೇಕಾಯಿತು. ಊಟಕ್ಕೂ ನಿಲ್ಲದೆ ಬಂದುಬಿಟ್ಟೆ.

ಭಾನುವಾರ ಚರ್ಚು ಮುಗಿದ ಮೇಲೆ ನನ್ನ ಜೊತೆ ಓಪಲ್ ಮನೆಗೆ ಬಾ, ಆ ಬಾವುಟವನ್ನು ಬಿಚ್ಚಿ ಮತ್ತೆ ಸರಿಯಾಗಿ ಮಡಿಸೋಣ. ಬಾವುಟ ಮಡಿಸಲು ಇಬ್ಬರು ಬೇಕು. ನಕ್ಷತ್ರದ ಕಡೆ ನಾನು ಹಿಡಿದು ನಿಲ್ಲುತ್ತೇನೆ, ಮಡಿಸುವವಳು ನೀನು. ಚಳಿಗಾಲದಿಂದ ನನ್ನ ಬೆರಳುಗಳು ನಡುಗುತ್ತಿವೆ. ದಳದ ಬಿಳಿ ಕೈಗವಸಿನೊಳಗೆ ಯಾರಿಗೂ ಕಾಣುವುದಿಲ್ಲ ಅಂದುಕೊಂಡಿದ್ದೆ.

ಆ ಕೈಗವಸು ಒಗೆದು ಇಟ್ಟಿದ್ದೇನೆ. ನಿನಗೆ ತುಸು ದೊಡ್ಡದಾಗಬಹುದು, ಹಾಕಿಕೊಂಡು ನೋಡು.

ನಿನ್ನ ಮಾವ,
ಹಾರ್ಲನ್