ಗಿಣಿಮೂಗಿನ ಅಚ್ಚು

ಬುಧವಾರ, ಸಂಜೆ
ಮಾರ್ಚ್ ೧೧

ಪ್ರೀತಿಯ ಅಮ್ಮನಿಗೆ,

ಮಗಳು ಕಾಗದ ಬರೆದಿದ್ದಾಳೆಂದರೆ ಯಾರಿಗೋ ಏನೋ ಆಗಿರಬೇಕು ಅಂತ ಗಾಬರಿಯಾಗಬೇಡ. ಎಲ್ಲರೂ ಗಟ್ಟಿಮುಟ್ಟಾಗಿದ್ದೇವೆ. ನಿನ್ನ ಅಳಿಯನ ಬೆನ್ನುನೋವು ಕೂಡ ಗಟ್ಟಿಮುಟ್ಟಾಗಿಯೇ ಇದೆ. ಫೋನಿನಲ್ಲಿ ನೀನು ಎರಡು ಮಾತಿಗೊಮ್ಮೆ ಜೋರಾಗಿ ಹೇಳು ಅನ್ನುತ್ತೀಯ. ಇದು ಜೋರಾಗಿ ಹೇಳುವ ವಿಷಯವಲ್ಲ, ಅದಕ್ಕೇ ಕಾಗದ. ಕನ್ನಡಕ ಹಾಕಿಕೊಂಡು ಕೂತು ಓದು. ನಿನ್ನ ಕನ್ನಡಕ ಎಡಗಡೆಗೆ ಏರಿಕೊಂಡೇ ಇರುತ್ತದೆ, ನೀನು ತಲೆ ವಾಲಿಸಿಕೊಂಡು ಓದುತ್ತೀಯ. ಅದು ಸಂಡೇ ಸ್ಕೂಲ್ ಟೀಚರಮ್ಮನ ಗತ್ತು ಅಂತ ಚಿಕ್ಕಂದಿನಲ್ಲಿ ಅಂದುಕೊಂಡಿದ್ದೆ. ಇರಲಿ. ಮಧ್ಯದಲ್ಲಿ ಮಡಿಚಿಡಬೇಡ. ನಿನಗೆ ಆ ಅಭ್ಯಾಸ ಉಂಟು.

ಮೊದಲು ಒಂದು ಹಳೇ ಪ್ರಶ್ನೆ. ನೀನು ಪಾಠಕ್ಕೆ ಒಂದು ಕೈಗನ್ನಡಿ ತರುತ್ತಿದ್ದೆಯಲ್ಲ, ಹಿಡಿ ಮುರಿದದ್ದು, ದಾರ ಸುತ್ತಿದ್ದು? ದೇವರು ಮನುಷ್ಯರನ್ನು ತನ್ನ ಹೋಲಿಕೆಯಲ್ಲೇ ಮಾಡಿದ ಅಂತ ಹೇಳಿ ಆ ಕನ್ನಡಿಯನ್ನು ಬೆಂಚಿನಿಂದ ಬೆಂಚಿಗೆ ದಾಟಿಸುತ್ತಿದ್ದೆ. ಒಬ್ಬೊಬ್ಬರೂ ನೋಡಿಕೊಂಡು ಮುಂದಿನವರಿಗೆ ಕೊಡಬೇಕು. ನನ್ನ ಸರದಿ ಬಂದಾಗ ನಾನು, ಹಾಗಾದ್ರೆ ದೇವರದೂ ಗಿಣಿಮೂಗಾ ಅಂತ ಕೇಳಿದ್ದೆ. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ನೀನೂ ನಕ್ಕೆ. ಆಮೇಲೆ ದೇವರಿಗೆ ಮೈಯಿಲ್ಲ, ಹೋಲಿಕೆ ಕಣ್ಣುಮೂಗಿನಲ್ಲಿಲ್ಲ, ಪ್ರೀತಿಸುವುದರಲ್ಲಿ, ಸರಿತಪ್ಪು ತಿಳಿಯುವುದರಲ್ಲಿ, ಇನ್ನೊಂದು ಜೀವವನ್ನು ನೋಡಿಕೊಳ್ಳುವುದರಲ್ಲಿದೆ ಅಂತ ವಿವರಿಸಿದೆ. ಹಾಗಿದ್ದರೆ ಕನ್ನಡಿ ಯಾಕೆ ತಂದೆ ಅಂತ ನಾನು ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ, ಯಾಕೆ ತಂದೆ? ಮುಂದಿನ ವರ್ಷ ಅದನ್ನು ತರುವುದನ್ನು ಯಾಕೆ ಬಿಟ್ಟೆ ಅನ್ನೋದು ನನಗೆ ಗೊತ್ತು. ಆ ವರ್ಷ ಅಪ್ಪ ಮನೆ ಬಿಟ್ಟು ಹೋಗಿದ್ದರು.

ನನ್ನ ಕೆಲಸದ ಬಗ್ಗೆ ನಿನಗೆ ವಿವರವಾಗಿ ಹೇಳಿದ್ದೇ ಇಲ್ಲ. ನೆಂಟರು ಕೇಳಿದರೆ ನೀನು, ಆಸ್ಪತ್ರೆಯಲ್ಲಿದ್ದಾಳೆ ಅನ್ನುತ್ತೀಯ. ಕೇಳಿದವರು ಯಾವ ವಾರ್ಡು, ಏನಾಗಿದೆ ಅನ್ನುತ್ತಾರೆ. ನಾನು ಮೂಗು ಮಾಡುತ್ತೇನಮ್ಮ. ಕಿವಿ, ಕಣ್ಣಿನ ಗುಳಿ, ಅರ್ಧ ಕೆನ್ನೆ. ಕಾಯಿಲೆಯೋ ಬೆಂಕಿಯೋ ತೆಗೆದುಕೊಂಡು ಹೋದದ್ದನ್ನು ಮೇಣದಲ್ಲಿ ತಿದ್ದಿ, ಸಿಲಿಕೋನಿನಲ್ಲಿ ಎರೆದು, ಅವರ ಚರ್ಮದ ಬಣ್ಣ ಕಲಸಿ, ರಕ್ತನಾಳಕ್ಕೆ ಕೆಂಪು ನೂಲಿನ ಪುಡಿ ಉದುರಿಸಿ ಕೂರಿಸುತ್ತೇನೆ. ನಮ್ಮ ಕೋಣೆ ಮೆಟ್ಟಿಲ ಕೆಳಗಿದೆ. ಎದುರು ಮೇಜಿನಲ್ಲಿ ಹಲ್ಲಿನ ಸೆಟ್ಟು ಮಾಡುವವರು ಕೂರುತ್ತಾರೆ, ಅವರನ್ನು ಎಲ್ಲರೂ ಹಲ್ಲುಮೇಷ್ಟ್ರು ಅನ್ನುತ್ತಾರೆ. ನಾವಿಬ್ಬರು ಸೇರಿದರೆ ಒಂದು ಮುಖ ಹೆಚ್ಚುಕಡಿಮೆ ಪೂರ್ತಿಯಾಗುತ್ತದೆ ಅನ್ನೋದು ಅವರ ತಮಾಷೆ.

ಇಪ್ಪತ್ತು ವರ್ಷದಿಂದ ಇದೇ ಮಾಡುತ್ತಿದ್ದರೂ ಒಂದು ವಿಷಯ ನನಗೆ ಇನ್ನೂ ಅರ್ಥವಾಗಿಲ್ಲ. ಮೇಜಿನ ಮೇಲಿಟ್ಟ ಮೂಗು ಯಾರನ್ನೂ ಹೋಲುವುದಿಲ್ಲ. ಅದೇ ಮೂಗನ್ನು ಆ ಮನುಷ್ಯರ ಮುಖಕ್ಕೆ ಇಟ್ಟ ಕ್ಷಣ, ಹೊರಗೆ ಕಾಯುತ್ತಿದ್ದ ಹೆಂಡತಿಯೋ ತಮ್ಮನೋ ಬಾಗಿಲಲ್ಲೇ ನಿಂತು ಅಳುತ್ತಾರೆ. ಅಕ್ಕಿಕಾಳಿನಷ್ಟು ಆಚೀಚೆಯಾದರೂ ಸಾಕು, ಯಾರೋ ಅನ್ನಿಸಿಬಿಡುತ್ತದೆ. ಹಾಗಿದ್ದರೆ ಹೋಲಿಕೆ ಇರೋದು ಎಲ್ಲಿ? ಮೂಗಿನಲ್ಲಾ, ಮುಖದಲ್ಲಾ, ನೋಡುವವರ ಕಣ್ಣಿನಲ್ಲಾ? ಆಸ್ಪತ್ರೆಗೆ ಬರುವ ಪಾದ್ರಿಗಳನ್ನು ಕೇಳಿದೆ. ದೇವರ ಹೋಲಿಕೆ ಪಾಪದಿಂದ ಕೆಟ್ಟಿದೆ, ಆದರೆ ಅಳಿದಿಲ್ಲ ಅಂದರು. ಎಷ್ಟು ಕೆಟ್ಟಿದೆ, ಎಷ್ಟು ಉಳಿದಿದೆ, ಅಳತೆ ಸಿಗುತ್ತದಾ ಅಂತ ಕೇಳಿದ್ದಕ್ಕೆ ನಕ್ಕು ಚಹಾ ಕುಡಿಯಲು ಹೋದರು. ನಮ್ಮ ಕೆಲಸದಲ್ಲಿ ಅಳತೆಯಿಲ್ಲದೆ ಒಂದು ಹೆಜ್ಜೆಯೂ ಇಡಲಾಗುವುದಿಲ್ಲ, ಪಾದ್ರಿಗಳಿಗೆ ಆ ಕಷ್ಟವಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಸುತ್ತಿಬಳಸಿ ಹೇಳುತ್ತಿದ್ದೇನೆ ಅಂತ ನಿನಗೆ ಆಗಲೇ ಗೊತ್ತಾಗಿರಬೇಕು.

ಮೂರು ವಾರದ ಹಿಂದೆ ಎಪ್ಪತ್ತನಾಲ್ಕು ವರ್ಷದ ಒಬ್ಬರು ಬಂದರು. ಕ್ಯಾನ್ಸರಾಗಿ ಡಾಕ್ಟರು ಮೂಗು ಪೂರ್ತಿ ತೆಗೆದಿದ್ದರು. ಬಟ್ಟೆ ಕಟ್ಟಿಕೊಂಡಿದ್ದರು, ಕನ್ನಡಕವನ್ನು ಹಣೆಗೆ ದಾರದಿಂದ ಬಿಗಿದಿದ್ದರು. ಏನು ಬೇಕು ಅಂದರೆ, ಕನ್ನಡಕ ಕೂರೋಕೆ ಒಂದು ಜಾಗ ಬೇಕು ಮೇಡಂ, ಅಷ್ಟೇ ಅಂದರು. ನಾನು ಫೈಲಿನ ಮೇಲೆ ಬಗ್ಗಿ ಹೆಸರು ಓದಿದೆ, ಮತ್ತೊಮ್ಮೆ ಓದಿದೆ. ತಲೆಯೆತ್ತಿದಾಗ ಅವರು ನನ್ನ ಕನ್ನಡಕವನ್ನು ನೋಡುತ್ತಿದ್ದರು. ಎಡಗಡೆ ಏರಿದೆ, ಕೊಡಿ ಅಂತ ಕೈಚಾಚಿದರು. ಕಡ್ಡಿಯನ್ನು ಎರಡು ಬೆರಳಲ್ಲಿ ಚೂರೇ ಚೂರು ಬಗ್ಗಿಸಿ ವಾಪಸ್ಸು ಕೊಟ್ಟರು. ಹಾಕಿಕೊಂಡೆ. ಎಷ್ಟೋ ವರ್ಷದ ನಂತರ ನೆಟ್ಟಗೆ ಕೂತಿತು.

ಹೌದಮ್ಮ, ಅಪ್ಪ. ಕನ್ನಡಕ ಮಾಡಿಸಲು ಬಂದವಳು ಅಂಗಡಿಯವನನ್ನೇ ಕರೆದುಕೊಂಡು ಹೋದಳು ಅಂತ ನೀನು ಒಮ್ಮೆ ಮಾತ್ರ ಹೇಳಿ, ಮತ್ತೆಂದೂ ಬಾಯಿಗೆ ತರದಿದ್ದ ಅದೇ ಅಪ್ಪ. ಆಕೆ ತೀರಿಹೋಗಿ ಹದಿನೈದು ವರ್ಷವಾಯಿತಂತೆ. ಇದನ್ನು ಅವರು ನರ್ಸಮ್ಮನಿಗೆ ಹೇಳಿದ್ದು, ನನಗಲ್ಲ.

ನಾನು ಯಾರೆಂದು ಹೇಳಲಿಲ್ಲ. ತಲೆಗೆ ಟೋಪಿ, ಮುಖಕ್ಕೆ ಮಾಸ್ಕು, ಎದೆಯ ಮೇಲೆ ನಿನ್ನ ಅಳಿಯನ ಮನೆತನದ ಹೆಸರು. ಅವರು ಬಿಟ್ಟುಹೋದದ್ದು ಒಂಬತ್ತು ವರ್ಷದ ಹುಡುಗಿಯನ್ನು. ನನಗೆ ಸಿಟ್ಟು ಬಂದಿತ್ತಾ? ಬಂದಿತ್ತು. ಆದರೆ ಅದಕ್ಕಿಂತ ಕುತೂಹಲ ಹೆಚ್ಚಾಗಿತ್ತು. ಮೂವತ್ತೇಳು ವರ್ಷ ನೋಡದ ಮುಖವನ್ನು ಕೈಯಲ್ಲಿ ಹಿಡಿದುಕೊಳ್ಳುವ ಕೆಲಸ ಯಾರಿಗೆ ಸಿಗುತ್ತದೆ ಹೇಳು? ಗದ್ದ ಎತ್ತಿ ಹಿಡಿದೆ, ಕೆನ್ನೆಯ ಅಳತೆ ತೆಗೆದೆ, ಹಣೆಯ ಮೇಲೆ ಪೆನ್ಸಿಲಿನಲ್ಲಿ ನಡುಗೆರೆ ಎಳೆದೆ. ಅವರು ಕಣ್ಣುಮುಚ್ಚಿ ಕೂತಿದ್ದರು.

ಇಂಥವರಿಗೆ ನಾವು ಹಳೇ ಫೋಟೋ ಕೇಳುತ್ತೇವೆ. ಇದ್ದ ಫೋಟೋಗಳೆಲ್ಲ ಬಿಟ್ಟುಬಂದ ಮನೆಯಲ್ಲಿ ಉಳಿದವು ಅಂದರು. ಅವು ಎಲ್ಲಿವೆ ಅಂತ ನನಗೆ ಗೊತ್ತು, ನಿನ್ನ ಟ್ರಂಕಿನಲ್ಲಿ. ಹೇಗಿವೆ ಅನ್ನೋದೂ ಗೊತ್ತು. ನಾನು ಆರು ವರ್ಷದವಳಾಗಿದ್ದಾಗ ಮೊದಲ ಕನ್ನಡಕ ಹಾಕಿಕೊಂಡ ದಿನದ ಫೋಟೋ ಇದೆಯಲ್ಲ, ಅದರಲ್ಲಿ ನಾನು ಒಂದು ತೊಡೆಯ ಮೇಲೆ ಕೂತಿದ್ದೇನೆ, ನನ್ನ ಹೆಗಲ ಮೇಲೆ ಎರಡು ಕೈಗಳಿವೆ, ಮೇಲೆ ತಲೆಯಿಲ್ಲ. ನಿನ್ನ ಕತ್ತರಿ ಬಹಳ ನಾಜೂಕಾಗಿ ಓಡಿದೆ.

ಫೋಟೋ ಇಲ್ಲದಿದ್ದರೆ ರಕ್ತಸಂಬಂಧಿಗಳ ಮೂಗು ನೋಡಿ ಮಾಡುವುದು ನಮ್ಮ ಪದ್ಧತಿ. ಅಣ್ಣತಮ್ಮಂದಿರು, ಮಕ್ಕಳು ಯಾರಾದರೂ ಇದ್ದಾರಾ ಅಂತ ಕೇಳಿದೆ. ನಿಯಮದ ಪ್ರಕಾರ ಕೇಳಲೇಬೇಕಾದ ಪ್ರಶ್ನೆ ಅದು. ಅವರು ಕೈಯಲ್ಲಿದ್ದ ಕನ್ನಡಕದ ಗಾಜು ಒರೆಸುತ್ತಾ, "ಯಾರೂ ಇಲ್ಲ" ಅಂದರು.

ಆಗ ನಿಜವಾಗಿ ಸಿಟ್ಟು ಬಂತು. ನಮ್ಮಲ್ಲಿ ಒಂದು ಡ್ರಾಯರಿದೆ, ಅದರ ತುಂಬ ಪ್ಲಾಸ್ಟರಿನ ಸಿದ್ಧಮೂಗುಗಳು. ಯಾರೂ ಇಲ್ಲದವರಿಗೆ ಅದರಿಂದ ಒಂದು. ನಾಲ್ಕನೇ ನಂಬರು ತೆಗೆದು ಮೇಣದಲ್ಲಿ ಮಾಡಿ ಮುಂದಿನ ವಾರ ಕೂರಿಸಿದೆ. ನೀಟಾದ ಮೂಗು. ಹಲ್ಲುಮೇಷ್ಟ್ರು ಭೇಷ್ ಅಂದರು. ಅಪ್ಪ ಕನ್ನಡಿ ನೋಡಿ, ಚೆನ್ನಾಗಿದೆ, ಯಾರದೋ ಒಳ್ಳೇ ಮೂಗು ಅಂದರು. ದೂರಲಿಲ್ಲ. ಆಮೇಲೆ ಮೇಡಂ, ನೀವು ಚರ್ಚಿಗೆ ಹೋಗುವವರಾ ಅಂತ ಕೇಳಿದರು. ಹೂಂ ಅಂದೆ. ಆಗ ಅವರು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆಯುತ್ತೇನೆ, ಯಾಕೆಂದರೆ ಅದು ನಿನಗೆ ಸೇರಿದ್ದು.

"ನನ್ನ ಹೆಂಡತಿ ಮಕ್ಕಳಿಗೆ ಕನ್ನಡಿ ತೋರಿಸಿ, ನೋಡಿ, ದೇವರ ಹೋಲಿಕೆ ಅಂತ ಹೇಳ್ತಿದ್ದಳು. ಈಗ ಅದೇ ಕನ್ನಡಿ ನನ್ನ ಮುಂದೆ ಹಿಡಿದ್ರೆ ಏನಂತಾಳೋ ಅಂತ ಯೋಚಿಸ್ತಿರ್ತೀನಿ. ಮೂಗು ಹೋಗಿದ್ದು ಈಗ. ಅದಕ್ಕಿಂತ ಮೊದಲೇ ಏನೇನೋ ಹೋಗಿತ್ತಲ್ಲ."

ಹೆಂಡತಿ ಅಂದರು, ಅಮ್ಮ. ನನ್ನ ಹೆಂಡತಿ ಅಂದರು.

ನಾನು ನಾಲ್ಕನೇ ನಂಬರಿನ ಮೇಣವನ್ನು ಮುಖದಿಂದ ತೆಗೆದು, ಇದು ಸರಿಯಾಗಿಲ್ಲ, ಇನ್ನೆರಡು ವಾರ ಬಿಟ್ಟು ಬನ್ನಿ ಅಂದೆ. ಅವರು ಹೋದ ಮೇಲೆ ಹಲ್ಲುಮೇಷ್ಟ್ರ ಮುಂದೆ ಕುರ್ಚಿಯಲ್ಲಿ ಒರಗಿ, ನನ್ನ ಮೂಗಿನ ಅಚ್ಚು ತೆಗೀರಿ ಅಂದೆ. ಅವರು ಫೈಲನ್ನೂ ನೋಡಿದರು, ನನ್ನನ್ನೂ ನೋಡಿದರು, ಹಿಟ್ಟು ಕಲಸಿದರು. ಹಲ್ಲಿನ ಅಚ್ಚಿಗೆ ಬಳಸುವ ತಣ್ಣನೆಯ ಗುಲಾಬಿ ಹಿಟ್ಟು ಅದು. ಇಷ್ಟು ಜನರ ಮುಖಕ್ಕೆ ಮೆತ್ತಿದ್ದೇನೆ, ನನಗೆ ಯಾರೂ ಮೆತ್ತಿರಲಿಲ್ಲ. ಮೂಗು ಮುಚ್ಚಿ ಬಾಯಲ್ಲಿ ಉಸಿರಾಡಬೇಕು. ಕಣ್ಣುಮುಚ್ಚಿದ ಕತ್ತಲಲ್ಲಿ ನಿನ್ನ ಮಾತೇ ಕಿವಿಗೆ ಬರುತ್ತಿತ್ತು, ಅಪ್ಪನ ಮೂಗು ಹೊತ್ಕೊಂಡು ಹುಟ್ಟಿದ್ದೀಯ. ಅಪ್ಪ ಇದ್ದಾಗ ಅದನ್ನು ಮುದ್ದಿಗೆ ಹೇಳುತ್ತಿದ್ದೆ, ಗಿಣಿ ಅಂತ ಕರೆಯುತ್ತಿದ್ದಿರಿ ಇಬ್ಬರೂ. ಅವರು ಹೋದ ಮೇಲೆ ಗಿಣಿ ಅನ್ನುವ ಹೆಸರು ಆ ಮನೆಯಲ್ಲಿ ನಿಂತೇಹೋಯಿತು. ಜಡೆ ಹಾಕುವಾಗ ನೀನು ನನ್ನನ್ನು ಕನ್ನಡಿಗೆ ಬೆನ್ನುಮಾಡಿ ಕೂರಿಸಿಕೊಳ್ಳುತ್ತಿದ್ದೆ. ನಾನು ಅದನ್ನು ಗಮನಿಸಿರಲಿಲ್ಲ ಅಂದುಕೊಂಡಿದ್ದೀಯ. ಫೋಟೋಗಳಿಂದ ಅವರನ್ನು ಕತ್ತರಿಸಿ ತೆಗೆದೆ, ನನ್ನ ಮುಖದಿಂದ ತೆಗೆಯೋಕೆ ಆಗಲಿಲ್ಲ ನಿನಗೆ. ಅದು ನನಗೆ ಬಹಳ ನೋವು ಕೊಟ್ಟಿದೆ. ನಲವತ್ತಾರು ವರ್ಷದವಳಾಗಿ ಈಗ ಹೇಳುತ್ತಿದ್ದೇನೆ.

ಆದರೆ ಈ ಕಾಗದ ಜಗಳಕ್ಕಲ್ಲ. ಅಚ್ಚಿನಿಂದ ಬಂದ ನನ್ನ ಮೂಗನ್ನು ಮೇಣದಲ್ಲಿ ತೆಗೆದು ತಿದ್ದಲು ಕೂತೆ. ವಯಸ್ಸಾದಂತೆ ಮೂಗಿನ ತುದಿ ಇಳಿಯುತ್ತದೆ, ಬುಡ ಅಗಲವಾಗುತ್ತದೆ. ಮೂವತ್ತು ವರ್ಷ ಸೇರಿಸಿದೆ. ಎಂಟು ದಿನದ ಕೆಲಸ. ನನ್ನ ಮುಪ್ಪು ನನ್ನ ಮೇಜಿನ ಮೇಲೆ ಕೂತಿತ್ತು, ನೋಡಿ ನಗು ಬಂತು. ಅಪ್ಪನ ಹೋಲಿಕೆಯಲ್ಲಿ ಹುಟ್ಟಿದವಳು ಈಗ ಅಪ್ಪನಿಗೆ ಅವರ ಹೋಲಿಕೆಯನ್ನು ತಿರುಗಿ ಕೊಡುತ್ತಿದ್ದೇನೆ. ಸಾಲುಸಾಲಾಗಿ ಹೀಗೇ ಹಿಂದಕ್ಕೆ ಹೋದರೆ ಆ ಮೊದಲ ಮಣ್ಣಿನ ಮನುಷ್ಯನವರೆಗೆ, ಅವನಿಂದಾಚೆಗೆ ಯಾರವರೆಗೆ ಹೋಗುತ್ತದೆ ಅಂತ ಯೋಚಿಸುತ್ತಾ ಮಧ್ಯಾಹ್ನದ ಊಟ ಮರೆತೆ. ಮಣ್ಣಿನ ಮೂಗಿನೊಳಕ್ಕೆ ದೇವರು ಉಸಿರು ಊದಿದ ಅಂತ ನೀನೇ ಹೇಳಿಕೊಟ್ಟಿದ್ದೆ. ನಾನು ಹೊಳ್ಳೆಗಳನ್ನು ಕಟ್ಟಕಡೆಗೆ ತೆರೆಯುತ್ತೇನೆ. ಅದಕ್ಕೆ ಮೊದಲು ಅದು ಬೊಂಬೆಯ ಮೂಗು. ತೆರೆದು ಮುಖಕ್ಕಿಟ್ಟರೆ ಉಸಿರು ಹಾದು ಸಿಲಿಕೋನು ಬೆಚ್ಚಗಾಗುತ್ತದೆ. ಒಳ್ಳೆಯವರ ಉಸಿರಿಗೂ ಬೆಚ್ಚಗಾಗುತ್ತದೆ, ಹೆಂಡತಿಮಕ್ಕಳನ್ನು ಬಿಟ್ಟುಹೋದವರ ಉಸಿರಿಗೂ ಬೆಚ್ಚಗಾಗುತ್ತದೆ. ಇದಕ್ಕೆ ಏನು ಹೇಳೋದು ಅಂತ ನನಗೆ ಗೊತ್ತಿಲ್ಲ. ನೀನು ಟೀಚರಮ್ಮ, ನಿನಗೆ ಗೊತ್ತಿರಬಹುದು.

ಶುಕ್ರವಾರ ಬೆಳಿಗ್ಗೆ ಅವರು ಬರುತ್ತಾರೆ. ಮೂಗು ಕೂರಿಸಿದ ಮೇಲೆ ಮಾಸ್ಕು ತೆಗೆಯಬೇಕೋ ಬೇಡವೋ ಇನ್ನೂ ತೀರ್ಮಾನಿಸಿಲ್ಲ. ಯಾರೂ ಇಲ್ಲ ಅಂದವರ ಮುಂದೆ ನಾನಿದ್ದೇನೆ ಅಂತ ನಿಲ್ಲಲು ಅಭಿಮಾನ ಬಿಡುವುದಿಲ್ಲ. ನಿನ್ನಿಂದ ನನಗೆ ಎರಡು ಉತ್ತರ ಬೇಕು. ಆ ಕನ್ನಡಿಯನ್ನು ಅವರ ಮುಂದೆ ಹಿಡಿದರೆ ಏನನ್ನುತ್ತೀಯ? ಇನ್ನೊಂದು, ಇದಕ್ಕೆ ನಿಧಾನವಾಗಿಯೇ ಉತ್ತರಿಸು, ಇಷ್ಟು ವರ್ಷ ನನ್ನ ಮುಖ ನೋಡಿದಾಗ ನಿನಗೆ ಕಂಡದ್ದು ಯಾರು?

ಮಾತ್ರೆ ತಪ್ಪಿಸಬೇಡ.

ನಿನ್ನ
ಗಿಣಿ

ತಾ.ಕ.: ಇವತ್ತು ಭಾನುವಾರ. ಕಾಗದ ನಾಲ್ಕು ದಿನ ಬ್ಯಾಗಿನಲ್ಲೇ ಉಳಿಯಿತು, ಧೈರ್ಯ ಸಾಲಲಿಲ್ಲ. ಶುಕ್ರವಾರ ಅಪ್ಪ ಬಂದರು. ಮೂಗು ಇಟ್ಟೆ, ಮೇಲೆ ಕನ್ನಡಕ ಕೂರಿಸಿದೆ. ಕನ್ನಡಿಯಲ್ಲಿ ಬಹಳ ಹೊತ್ತು ನೋಡಿಕೊಂಡರು. ಕನ್ನಡಿಯಿಂದ ಕಣ್ಣು ತೆಗೆಯದೆಯೇ, "ಮಾಸ್ಕ್ ತೆಗಿ ಗಿಣಿ" ಅಂದರು. ಮೊದಲ ದಿನವೇ ಗೊತ್ತಾಗಿತ್ತಂತೆ, ಕಡ್ಡಿ ಬಗ್ಗಿಸಿದಾಗ. ನನ್ನ ಎಡಗಿವಿ ಬಲಗಿವಿಗಿಂತ ಒಂದು ಎಳೆ ಮೇಲಿದೆಯಂತೆ, ಆರನೇ ವರ್ಷದಲ್ಲಿ ಅವರೇ ಅಳೆದದ್ದು. ಮತ್ತೆ ಯಾರೂ ಇಲ್ಲ ಅಂದಿರಲ್ಲ ಅಂತ ಕೇಳಿದೆ. ಇದ್ದಾರೆ ಅನ್ನೋಕೆ ನನಗೆ ಯಾವ ಮುಖ ಇತ್ತು ಅಂದರು. ಇಬ್ಬರೂ ಅತ್ತೆವು. ಹೊಸ ಮೂಗಿನ ಅಂಟು ಬಿಟ್ಟು ನಾನು ಮತ್ತೆ ಅಂಟಿಸಬೇಕಾಯಿತು.

ಹೋಗುವಾಗ ಇನ್ನೊಂದು ಮಾತು ಹೇಳಿದರು. ಮೂಗು ನನ್ನದಿರಬಹುದು, ಆ ಕಿವಿ ನಿಮ್ಮಮ್ಮನದು, ಅವಳ ಕಡ್ಡಿಯನ್ನೂ ವರ್ಷಕ್ಕೊಮ್ಮೆ ನಾನೇ ಬಗ್ಗಿಸಿಕೊಡುತ್ತಿದ್ದೆ ಅಂತ. ಅಮ್ಮ, ಆ ಕೈಗನ್ನಡಿ ಟ್ರಂಕಿನಲ್ಲಿದ್ದರೆ ತೆಗೆದು ನಿನ್ನ ಎಡಗಿವಿ ನೋಡಿಕೊ. ನನ್ನ ಮುಖದಿಂದ ಕಣ್ಣು ತಪ್ಪಿಸಿದಾಗಲೆಲ್ಲ ನೀನು ನಿನ್ನನ್ನೂ ನೋಡದೆ ಬಿಟ್ಟೆ. ಎರಡನೇ ಪ್ರಶ್ನೆಗೆ ಉತ್ತರ ಬರೆಯುವುದೇನೂ ಬೇಡ. ಮೊದಲನೆಯದಕ್ಕೆ ಬರೆ. ಕನ್ನಡಕವನ್ನೂ ಕಳಿಸು, ಸರಿಮಾಡುವವರು ತಿಂಗಳ ಕೊನೆಗೆ ಮತ್ತೆ ಬರುತ್ತಾರೆ.