ಹಂಡೆಯ ಪಕ್ಕದ ಕಪ್ಪೆ

ರಾಜಾಜಿನಗರ, ಬೆಂಗಳೂರು
1-12-1974, ಭಾನುವಾರ

ಪ್ರೀತಿಯ ಮಗಳು ಜಲಜಾಳಿಗೆ,

ನಿನಗೂ ಅಳಿಯಂದಿರು ಪದ್ಮನಾಭ ಅವರಿಗೂ ನಮ್ಮಿಬ್ಬರ ಆಶೀರ್ವಾದ. ದಾವಣಗೆರೆಯ ನೀರು ನಿನಗೆ ಒಗ್ಗಿತೇ? ಮಧ್ಯಾಹ್ನದ ಆ ತಲೆನೋವು ಈಗಲೂ ಬರುತ್ತದೆಯೇ? ನಿನ್ನ ಅತ್ತೆಯವರು ಹೇಗಿದ್ದಾರೆ? ನನ್ನ ಮಂಡಿ ಎಂದಿನಂತೆಯೇ ಇದೆ, ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ನಿನ್ನ ಅಮ್ಮನಿಗೆ ಕೆಮ್ಮು ಕಡಿಮೆಯಾಗಿದೆ, ನನ್ನನ್ನು ಬೈಯುವುದು ಕಡಿಮೆಯಾಗಿಲ್ಲ. ನಿನ್ನ ಮೂರು ಕಾಗದಗಳೂ ತಲುಪಿದವು. ಮೂರರಲ್ಲೂ ಗುಂಡ ಹೇಗಿದ್ದಾನೆ, ಅವನ ಪೆಟ್ಟಿಗೆ ಬೆಚ್ಚಗಿದೆಯೇ, ಗೋಣಿ ಒದ್ದೆಯಿದೆಯೇ ಎಂದು ಕೇಳಿದ್ದೀಯೆ. ನಿನ್ನ ಸಮಾಚಾರ ಮಾತ್ರ ‘ಕ್ಷೇಮ’ ಎಂಬ ಒಂದೇ ಪದದಲ್ಲಿ ಮುಗಿದಿದೆ. ಮೂವತ್ತು ವರ್ಷ ತಂತಿ ಆಫೀಸಿನಲ್ಲಿ ಕೂತು ಊರಿನವರ ಪದ ಎಣಿಸಿದವನು ನಾನು. ಅಷ್ಟು ಕಡಿಮೆ ಪದ ಕಂಡರೆ ನನಗೆ ಹೆದರಿಕೆಯಾಗುತ್ತದೆ. ಉತ್ತರ ತಡವಾದದ್ದು ಸೋಮಾರಿತನದಿಂದಲ್ಲ, ಗುಂಡನ ವಿಷಯ ಹೇಗೆ ಬರೆಯುವುದೆಂದು ತೋಚಲಿಲ್ಲ.

ನಿನ್ನ ಕಾಲೇಜಿನವರು ಮಲ್ಲತ್ತಹಳ್ಳಿ ಕೆರೆಗೆ ಕರೆದುಕೊಂಡು ಹೋಗಿದ್ದಾಗ, ಸ್ಪಿರಿಟ್ ಬಾಟಲಿಗೆ ಬೀಳಬೇಕಾಗಿದ್ದ ಆ ಕಪ್ಪೆಯನ್ನು ನೀನು ಟಿಫನ್ ಡಬ್ಬಿಯಲ್ಲಿ ಮನೆಗೆ ತಂದೆ. ಅವತ್ತು ನಾನು ಎಷ್ಟು ಕೂಗಾಡಿದೆ! ಈಗ ಆ ಗುಂಡನ ಚಾಕರಿ ನನ್ನ ಪಾಲಿಗೇ ಬಂತು. ನೀನು ಗೋಡೆಗೆ ಅಂಟಿಸಿ ಹೋದ ಚೀಟಿ ಹಾಗೇ ಇದೆ. ಶಾಖ ಎಪ್ಪತ್ತೈದರಿಂದ ಎಂಬತ್ತು ಡಿಗ್ರಿ ಫ್ಯಾರನ್‌ಹೀಟ್, ಪೆಟ್ಟಿಗೆಯ ಗಾಜಿನ ಒಳಮೈ ಮಂಜು ಹಿಡಿದಂತಿರಬೇಕು ಆದರೆ ನೀರು ಇಳಿಯಬಾರದು, ನಲ್ಲಿ ನೀರನ್ನು ಒಂದು ದಿನ ಬಕೆಟ್ಟಿನಲ್ಲಿಟ್ಟು ಬ್ಲೀಚಿಂಗ್ ಪೌಡರಿನ ವಾಸನೆ ಹೋದ ಮೇಲೆ ಚಿಮುಕಿಸಬೇಕು. ನಮಗೇ ನಲ್ಲಿ ನೀರು ಬರುವುದು ದಿನ ಬಿಟ್ಟು ದಿನ. ಅದರಲ್ಲಿ ಗುಂಡನಿಗೊಂದು ಬಕೆಟ್ಟು ಮೀಸಲು. ನಿನ್ನ ಅಮ್ಮ ಅದಕ್ಕೆ ‘ರಾಯರ ಬಕೆಟ್ಟು’ ಎಂದು ಹೆಸರಿಟ್ಟಿದ್ದಾಳೆ. ಬೆಳಗ್ಗೆ ಎದ್ದು ಥರ್ಮಾಮೀಟರ್ ನೋಡು, ಗೋಣಿ ನೆನೆಸು, ಜಿರಲೆ ಹಿಡಿ. ಪೆನ್ಶನ್ ತೆಗೆದುಕೊಳ್ಳುವ ವಯಸ್ಸಿನಲ್ಲಿ ಜಿರಲೆಯ ಹಿಂದೆ ಓಡುವುದು ನನ್ನ ಹಣೆಯಲ್ಲಿ ಬರೆದಿತ್ತು. ನಿಜ ಹೇಳುತ್ತೇನೆ ಮಗಳೇ, ಸಾಕಾಗಿಹೋಗಿತ್ತು.

ಅಕ್ಟೋಬರ್ ಕಳೆಯುತ್ತಿದ್ದಂತೆ ಚಳಿ ಶುರುವಾಯಿತು. ನೀನು ಕಟ್ಟಿಕೊಟ್ಟಿದ್ದ ಬಲ್ಬು ಕರೆಂಟು ಇದ್ದರೆ ತಾನೆ ಉರಿಯುವುದು? ಒಂದು ಬೆಳಗ್ಗೆ ಅರವತ್ತೆರಡು ಡಿಗ್ರಿ. ಗುಂಡ ಕಲ್ಲಿನಂತೆ ಕೂತಿದ್ದ. ಆಗ ನನಗೊಂದು ಉಪಾಯ ಹೊಳೆಯಿತು. ಪೆಟ್ಟಿಗೆಯನ್ನು ಬಚ್ಚಲುಮನೆಗೆ ಸಾಗಿಸಿ, ಹಂಡೆಯ ಪಕ್ಕದ ಕಟ್ಟೆಯ ಮೇಲಿಟ್ಟೆ. ಬೆಳಗ್ಗೆ ಅರ್ಧ ಗಂಟೆ ಒಲೆ ಉರಿದರೆ ಗೋಡೆ ಸಂಜೆಯವರೆಗೆ ಬೆಚ್ಚಗಿರುತ್ತದೆ, ಸ್ನಾನದ ಹಬೆಗೆ ಗಾಜು ತಾನಾಗಿ ಮಂಜು ಹಿಡಿಯುತ್ತದೆ. ಎಪ್ಪತ್ತೆಂಟು ಡಿಗ್ರಿ! ಬಲ್ಬೂ ಬೇಡ, ಚಿಮುಕಿಸುವುದೂ ಬೇಡ. ನಿನ್ನ ಮೇಷ್ಟರಿಗೂ ಹೊಳೆಯದ್ದು ನನಗೆ ಹೊಳೆಯಿತೆಂದು ಬೀಗಿದ್ದೆ.

ಅಷ್ಟರಲ್ಲಿ ದೀಪಾವಳಿ ಬಂತು, ಅಳಿಯನ ಮೊದಲ ದೀಪಾವಳಿ. ನೀರು ತುಂಬುವ ಹಬ್ಬದ ಸಂಜೆ ನಿನ್ನ ಅಮ್ಮ ಹಂಡೆಯನ್ನು ಹುಣಿಸೆಹಣ್ಣು ಹಾಕಿ ಫಳಫಳ ಬೆಳಗಿ, ಕೊರಳಿಗೆ ಹಾಗಲಬಳ್ಳಿ ಸುತ್ತಿದಳು. ನೀವಿಬ್ಬರೂ ರಾತ್ರಿ ರೈಲು ಹತ್ತಿ ಬೆಳಗ್ಗೆ ಆರಕ್ಕೆಲ್ಲ ಬಂದುಬಿಡುತ್ತೀರೆಂದು ನಾನು ನಾಲ್ಕಕ್ಕೇ ಒಲೆ ಹಚ್ಚಿದೆ. ಎಣ್ಣೆಸ್ನಾನಕ್ಕೆ ಅಳಿಯಂದಿರಿಗೆ ನೀರು ಕುದಿಯುತ್ತಿರಬೇಕಲ್ಲ. ಆರಾಯಿತು, ಎಂಟಾಯಿತು. ಬೀದಿಯಲ್ಲಿ ಆಟೋ ಸದ್ದಾದಾಗಲೆಲ್ಲ ಗೇಟಿಗೆ ಹೋಗಿ ಬರುವುದು, ಬಂದು ಇನ್ನೊಂದು ಕೊಳ್ಳಿ ತಳ್ಳುವುದು, ಶಾಖ ಹೊರಗೆ ಹೋಗದಿರಲೆಂದು ಬಚ್ಚಲ ಬಾಗಿಲು ಮುಚ್ಚುವುದು. ಹನ್ನೊಂದೂವರೆಗೆ ತಂತಿ ಬಂತು. ತಾಯಿಗೆ ಅಸೌಖ್ಯ, ಬರುವುದಿಲ್ಲ.

ತಂತಿಯಲ್ಲಿ ಬರೆದದ್ದನ್ನು ಎಲ್ಲರೂ ಓದುತ್ತಾರೆ. ಅದನ್ನು ಕಳಿಸಲು ಕೊಟ್ಟ ಸಮಯವನ್ನೂ ನಾನು ಓದಿದೆ. ದಾವಣಗೆರೆಯಲ್ಲಿ ಅದನ್ನು ಕೊಟ್ಟದ್ದು ಹಬ್ಬದ ಬೆಳಗ್ಗೆ ಎಂಟು ನಲವತ್ತಕ್ಕೆ. ಅತ್ತೆಯವರಿಗೆ ಹಿಂದಿನ ಸಂಜೆಯೇ ಹುಷಾರು ತಪ್ಪಿದ್ದರೆ ಸಂಜೆಯೇ ತಂತಿ ಬರುತ್ತಿತ್ತು. ಬೆಳಗ್ಗೆ ತಪ್ಪಿದ್ದರೆ ನೀವು ಅಷ್ಟುಹೊತ್ತಿಗೆ ಬೆಂಗಳೂರಿನಲ್ಲಿ ಇಳಿದಿರುತ್ತಿದ್ದಿರಿ. ನಿನ್ನನ್ನು ಕಳಿಸುವ ಮನಸ್ಸೇ ಅವರಿಗೆ ಇರಲಿಲ್ಲ ಎಂದು ನನಗೆ ಆಗಲೇ ಅನ್ನಿಸಿತು. ನಿನ್ನ ಅಮ್ಮನಿಗೆ ಹೇಳಲಿಲ್ಲ. ಇಬ್ಬರೂ ಜಗುಲಿಯ ಮೇಲೆ ಕೂತೆವು. ಒಲೆ ಉರಿಯುತ್ತಲೇ ಇತ್ತು.

ಮೊದಲು ನೆನಪಾದದ್ದು ಅವಳಿಗೆ. “ಅಯ್ಯಯ್ಯೋ, ಗುಂಡ ಕಣ್ರೀ!” ಎಂದು ಎದ್ದು ಓಡಿದಳು. ಬಾಗಿಲು ತೆಗೆದರೆ ಮುಖಕ್ಕೆ ಝಳ ಬಡಿಯಿತು. ಥರ್ಮಾಮೀಟರಿನಲ್ಲಿ ನೂರಾ ನಾಲ್ಕು. ಗೋಣಿ ಒಣಗಿ ಹಪ್ಪಳವಾಗಿತ್ತು, ಗಾಜಿನ ಮೇಲೆ ಒಂದು ಹನಿ ಇರಲಿಲ್ಲ. ಅವನು ಮೂಲೆಯಲ್ಲಿ ಅಂಟಿಕೊಂಡು ಬಿದ್ದಿದ್ದ. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಇದುವರೆಗೆ ಅವನ ಪೆಟ್ಟಿಗೆಯನ್ನೂ ಮುಟ್ಟದ ನಿನ್ನ ಅಮ್ಮ, ಹಬ್ಬದ ಮಡಿಯಲ್ಲಿದ್ದವಳು, ಬರಿಗೈಯಲ್ಲಿ ಅವನನ್ನೆತ್ತಿ ರಾಯರ ಬಕೆಟ್ಟಿನ ನೀರನ್ನು ಬೊಗಸೆಬೊಗಸೆಯಾಗಿ ಮೈಮೇಲೆ ಬಿಟ್ಟಳು. ನಡುನಡುವೆ, “ನಮ್ ಮಗೂಗೆ ಏನಂತ ಹೇಳ್ಲೋ, ಕಣ್ಣು ಬಿಡೋ” ಎನ್ನುತ್ತಿದ್ದಳು. ಎಷ್ಟೋ ಹೊತ್ತಿನ ಮೇಲೆ ಗಂಟಲ ಕೆಳಗಿನ ಚರ್ಮ ಒಮ್ಮೆ ಮಿಡಿಯಿತು. ಅವಳು ಅಲ್ಲೇ ಕೂತು ಅತ್ತುಬಿಟ್ಟಳು. ಕಪ್ಪೆಗಾಗಿ ಅತ್ತಳೆಂದು ನೀನೂ ತಿಳಿಯಬೇಡ, ನಾನೂ ತಿಳಿದಿಲ್ಲ. ಆಮೇಲೆ ಅಳಿಯಂದಿರಿಗೆಂದು ಕಾಸಿದ ನೀರಿನಲ್ಲಿ ತಾನೇ ಇನ್ನೊಂದು ಸಲ ತಲೆಗೆ ಸ್ನಾನ ಮಾಡಿದಳು.

ಮರುದಿನ ಹೊಸಹಳ್ಳಿಯಿಂದ ಹಾಲು ತಂದ ಹನುಮಕ್ಕ ಗುಂಡನನ್ನು ನೋಡಿದಳು. ಅವಳ ಗಂಡನ ಹೊಲವೆಲ್ಲ ಸೈಟುಗಳಾಗಿ ಈಗ ಎರಡು ಎಮ್ಮೆ ಉಳಿದಿವೆ, ಹೊಲದ ತಿಳಿವಳಿಕೆ ಮಾತ್ರ ಹಾಗೇ ಇದೆ. “ಬಾಣಂತಿಗೆ ಕಾಯಿಸ್ದಂಗೆ ಬೆಂಕಿ ಕಾಯಿಸ್ತಾ ಕೂತಿದ್ದೀರಲ್ಲ ಸ್ವಾಮಿ, ಇದ್ಕೆ ಬೇಕಿರೋದು ಮಣ್ಣು ಕಣ್ರಪ್ಪ. ನಮ್ ಹೊಲ ಉಳೋವಾಗ ಇಂಥವು ಎಷ್ಟು ಏಳ್ತಿದ್ವೋ” ಎಂದಳು. ಒಂದು ಹಳೆಯ ಮಡಕೆಯ ತುಂಬ ಬಾಳೆ ಬುಡದ ಹಸಿಮಣ್ಣು ತುಂಬಿಸಿ ಅವನನ್ನು ಅದರ ಮೇಲೆ ಬಿಡಿಸಿದಳು. ಅವನು ಹಿಂಗಾಲಿನಿಂದ ಮಣ್ಣು ತಳ್ಳುತ್ತ ತಳ್ಳುತ್ತ, ನಮ್ಮ ಕಡೆಗೇ ಮುಖ ಮಾಡಿಕೊಂಡು, ಹಿಂದುಹಿಂದಕ್ಕೆ ಇಳಿದುಹೋದ. ಕೊನೆಗೆ ಎರಡು ಕಣ್ಣು ಉಳಿದವು, ಅವೂ ಹೋದವು. ಈಗ ಮಡಕೆ ಹಿತ್ತಲ ನೆರಳಿನಲ್ಲಿದೆ, ವಾರಕ್ಕೊಮ್ಮೆ ನೀರು ಚಿಮುಕಿಸುತ್ತೇನೆ. ಎರಡೂವರೆ ವಾರವಾಯಿತು, ಅವನು ಬದುಕಿದ್ದಾನೋ ಇಲ್ಲವೋ ನನಗೆ ಗೊತ್ತಿಲ್ಲ. “ಕೆದಕಿ ನೋಡ್ಬ್ಯಾಡಿ, ಮಳೆ ಬಿದ್ರೆ ತಾನೇ ಎದ್ ಬತ್ತದೆ” ಎಂದು ಹನುಮಕ್ಕ ದಿನಾ ಹೇಳುತ್ತಾಳೆ. ಬೆಳಗ್ಗೆ ಮಾಡಲು ಕೆಲಸವಿಲ್ಲ. ಆದರೂ ಅದೇ ಹೊತ್ತಿಗೆ ಎಚ್ಚರವಾಗುತ್ತದೆ, ಹೋಗಿ ಮಡಕೆಯ ಮುಂದೆ ಕೂರುತ್ತೇನೆ.

ಅಲ್ಲಿ ಕೂತಾಗ ನಾನು ನೆನೆಯುವುದು ಏಪ್ರಿಲ್ ತಿಂಗಳನ್ನು. ಬಿ.ಎಸ್ಸಿ. ಪರೀಕ್ಷೆಗೆ ಹನ್ನೊಂದು ದಿನ ಇರುವಾಗ ನಿನ್ನ ಮದುವೆ ಮಾಡಿದೆ. “ಒಂದು ತಿಂಗಳು ತಡೀರಿ ಅಪ್ಪಾ” ಎಂದು ನೀನು ಎರಡು ಸಲ ಕೇಳಿದೆ. ಒಳ್ಳೆಯ ಸಂಬಂಧ ಕೈತಪ್ಪಿ ಹೋದೀತೆಂದು ನಾನು ಹೆದರಿದೆ. ಪರೀಕ್ಷೆ ಆಮೇಲೆ ಬರೆಯಲಿ ಬಿಡಿ ಎಂದು ಬೀಗರು ಅಂದದ್ದನ್ನು ನಂಬಿದೆ. ಒಳ್ಳೆಯದಾಗಲೆಂದೇ ಒಲೆಗೆ ಕೊಳ್ಳಿ ತಳ್ಳಿದೆ, ಬಾಗಿಲು ಮುಚ್ಚಿದವನೂ ನಾನೇ. ತಪ್ಪು ಮಾಡಿದೆ ಜಲಜಾ. ಮುಖಾಮುಖಿ ಹೇಳಲು ನಾಲಿಗೆ ಏಳುತ್ತಿರಲಿಲ್ಲ, ಅದಕ್ಕೆ ಕಾಗದದಲ್ಲಿ ಹೇಳುತ್ತಿದ್ದೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಬೀಗರಿಬ್ಬರಿಗೂ ನಮಸ್ಕಾರ ತಿಳಿಸು. ನಿನ್ನ ಅಮ್ಮ ಚಟ್ನಿಪುಡಿ ಕುಟ್ಟುತ್ತಿದ್ದಾಳೆ, ಕುಟ್ಟುವ ಸದ್ದಿನಲ್ಲಿ ಅವಳ ಆಶೀರ್ವಾದವೂ ಇದೆ ಎಂದುಕೋ.

ಇತಿ, ನಿನ್ನ ಅಪ್ಪ
ಸೇತುರಾಮ

ಮರೆತ ಮಾತು: ಟಪ್ಪಾಲು ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ನಿನ್ನ ಕಾಲೇಜಿಗೆ ಹೋಗಿದ್ದೆ. ಕ್ಲಾಸುಗಳೆಲ್ಲ ಮುಗಿಸಿರುವುದರಿಂದ ಬರುವ ಏಪ್ರಿಲ್‌ನಲ್ಲಿ ನೀನು ಪರೀಕ್ಷೆಗೆ ಕೂರಬಹುದಂತೆ. ಅರ್ಜಿ ತಂದು ಎಲ್ಲ ತುಂಬಿದ್ದೇನೆ, ನಿನ್ನ ರುಜು ಒಂದು ಬಾಕಿ. ಅದನ್ನು ಟಪ್ಪಾಲಿನಲ್ಲಿ ಕಳಿಸುವುದಿಲ್ಲ. ಗುರುವಾರ ರಾತ್ರಿಯ ರೈಲಿಗೆ ಹೊರಟು ನಾನೇ ತರುತ್ತೇನೆ. ಈ ಕಾಗದವನ್ನು ನಿನಗಿಂತ ಮೊದಲು ಬೇರೆಯವರು ಒಡೆದು ಓದಿದರೆ ಓದಲಿ, ನಾನು ಬರುವುದು ಅವರಿಗೂ ತಿಳಿದಿರಲಿ. ಕೆದಕಬೇಡಿ ಎಂದ ಹನುಮಕ್ಕನ ಮಾತನ್ನು ಕಪ್ಪೆಯ ವಿಷಯದಲ್ಲಿ ಕೇಳಿದ್ದೇನೆ. ನಿನ್ನ ವಿಷಯದಲ್ಲಿ ಮಳೆ ಬರುವವರೆಗೆ ಕಾಯುವುದು ನನ್ನಿಂದಾಗದು. ನಿನ್ನ ಕಾಲೇಜಿನ ಪುಸ್ತಕಗಳನ್ನು ಅಮ್ಮ ಆಗಲೇ ಬಿಸಿಲಿಗೆ ಹಾಕಿದ್ದಾಳೆ.