ಕೆಳಗೆ ನಿಂತವರ ಮಾತು

ಗೋದಾಮಿನ ಮೇಲಿನ ಕೋಣೆ,
ಮಾರ್ಚ್ ಒಂಬತ್ತು, ಬೆಳಗಿನ ಹೊತ್ತು

ಪ್ರೀತಿಯ ಮಗಳೇ, ನನ್ನ ಗಂಟಮ್ಮಾ,

ನಿನ್ನ ಕಾಲಿನ ಕೀಲು ಹೇಗಿದೆ? ಊತ ಇಳಿಯಿತೇ, ಅಥವಾ ಸೋದರತ್ತೆಯ ಮನೆಯ ಮೆಟ್ಟಿಲು ಹತ್ತಿಳಿದು ಅದನ್ನು ಮತ್ತೆ ಕೆಣಕಿಕೊಂಡಿದ್ದೀಯೋ? ನೀನು ದಿನವಿಡೀ ಅವಳ ಹೊಲಿಗೆ ಅಂಗಡಿಯಲ್ಲಿ ಕೂತು ಗುಂಡಿ ಹಚ್ಚುತ್ತೀಯೆಂದೂ, ಏನು ಕೇಳಿದರೂ ಹೂಂ, ಉಹೂಂ ಬಿಟ್ಟು ಬೇರೆ ಮಾತಿಲ್ಲವೆಂದೂ ನನ್ನ ತಂಗಿ ಫೋನಿನಲ್ಲಿ ಹೇಳಿದಳು. ನಾನು ಕಾಗದ ಬರೆಯಲು ಹೊರಟೆನೆಂದು ಗೊತ್ತಾದ ಕೂಡಲೇ ನಿನ್ನ ಅಮ್ಮ ಬಾಗಿಲಿಗೆ ಅಡ್ಡ ನಿಂತು, "ಮೊದಲು ಅವಳು ಊಟ ಮಾಡ್ತಾಳಾ ಕೇಳಿ, ಆಮೇಲೆ ನಿಮ್ಮ ಬೆಟ್ಟ" ಎಂದು ಎಚ್ಚರಿಸಿ ಕಳಿಸಿದ್ದಾಳೆ. ಆದ್ದರಿಂದ ಕೇಳುತ್ತಿದ್ದೇನೆ: ಹೊಟ್ಟೆ ತುಂಬ ಉಣ್ಣುತ್ತಿದ್ದೀಯಾ? ಅಮ್ಮನ ಮಂಡಿನೋವು ಅವಳ ಸಿಟ್ಟಿನಷ್ಟೇ ಗಟ್ಟಿಮುಟ್ಟಾಗಿದೆ. ಎರಡೂ ಬಂದು ತೀರುವುದು ನನ್ನ ತಲೆಯ ಮೇಲೆ. ನನ್ನ ಬಲಭುಜ ಪೂರ್ತಿ ಮುಷ್ಕರ ಹೂಡಿದೆ. ಅಂಗಿಯ ತೋಳಿನೊಳಗೆ ಕೈ ತೂರಿಸುವುದೇ ಈಗ ನನ್ನ ಪಾಲಿನ ಶಿಖರ. ಇನ್ನು ಮೇಲೆ ಹಗ್ಗ ಮುಟ್ಟಕೂಡದೆಂದು ಮೂಳೆ ಡಾಕ್ಟರು ಕಡ್ಡಿ ಮುರಿದಂತೆ ಹೇಳಿಬಿಟ್ಟರು. ಗಂಟಮ್ಮ ಎಂದು ಕರೆದದ್ದಕ್ಕೆ ಮುನಿಯಬೇಡ. ಕಿಟಕಿಯ ಪರದೆ, ನನ್ನ ಬೂಟಿನ ಲೇಸು, ನಿದ್ದೆ ಹೋದ ಅಮ್ಮನ ಜಡೆ, ಹೀಗೆ ಸಿಕ್ಕಿದ್ದಕ್ಕೆಲ್ಲ ಗಂಟು ಹಾಕುತ್ತಿದ್ದ ಮಗುವಿಗೆ ಬೇರೆ ಯಾವ ಹೆಸರು ಒಪ್ಪೀತು?

ಕಳೆದ ಭಾನುವಾರ ವಾಚನಾಲಯದ ಮಹಡಿಯಲ್ಲಿ ನಿನ್ನ ಗಂಡನ ನೆನಪಿಗೆ ಆರೋಹಿಗಳ ಸಂಘದವರು ಸಭೆ ಸೇರಿಸಿದ್ದರು. ನೀನು ಬರಬೇಕಿತ್ತೆಂದು ನಾನು ಹೇಳಲಾರೆ. ನಾನೇ ಅರ್ಧ ದಾರಿಯಲ್ಲಿ ನಿಂತು, ವಾಪಸು ಹೋಗಲೇ ಎಂದು ಯೋಚಿಸಿದವನು. ಜನ ಮೆಟ್ಟಿಲ ತುದಿಯವರೆಗೂ ನಿಂತಿದ್ದರು. ಅವನು ಎಂದೋ ಪಂಕ್ಚರ್ ಹಾಕಿಕೊಟ್ಟಿದ್ದ ಅಂಚೆಯವಳು, ಅವನೊಂದಿಗೆ ಎತ್ತರದ ಕಟ್ಟಡಗಳ ಗಾಜು ಒರೆಸುತ್ತಿದ್ದ ಗೆಳೆಯರು, ಅವನ ಹೆಗಲೇರಿ ಬೆಳೆದ ಬೀದಿಯ ಮಕ್ಕಳು, ಯಾರ ಕಣ್ಣೂ ಒಣಗಿರಲಿಲ್ಲ. ಹತ್ತುವಾಗ ಕೈಗೆ ಹಚ್ಚುವ ಸೀಮೆಸುಣ್ಣದ ಪುಡಿಯನ್ನು ಮೂಗಿನ ತುದಿಗೂ ಮೆತ್ತಿಕೊಂಡು ನಗುತ್ತಾನಲ್ಲ, ಆ ಫೋಟೋವನ್ನು ಮುಂದೆ ಇಟ್ಟಿದ್ದರು. ನಾನು ಬರೆದುಕೊಂಡು ಹೋದದ್ದು ಹೀಗಿತ್ತು: "ನೆರೆದ ಎಲ್ಲರಿಗೂ ನಮಸ್ಕಾರ. ಈ ಸಂಘವನ್ನು ಕಟ್ಟಿ ಬೆಳೆಸಿದ, ನಮ್ಮ ಕೈಗೆ ಮೊದಲ ಹಗ್ಗ ಕೊಟ್ಟ ಹಿರಿಯರಿಗೆ ನನ್ನ ಕೃತಜ್ಞತೆ." ಹಗ್ಗ ಎಂಬ ಮಾತಿನವರೆಗೂ ಬಂದೆ, ಅಲ್ಲಿಗೆ ಕಾಗದ ಮಡಚಿ ಜೇಬಿಗೆ ಹಾಕಿಕೊಂಡೆ. ಹಿರಿಯರೊಬ್ಬರು ನೀರಿನ ಲೋಟ ಚಾಚಿದರು. ಸಭೆಯವರೆಲ್ಲ ಅದನ್ನು ದುಃಖ ಎಂದುಕೊಂಡರು. ಮಗಳೇ, ಅದು ಸಿಟ್ಟು. ಅಲ್ಲಿ ಹೇಳಲಾಗದೆ ಉಳಿದ ಭಾಷಣವನ್ನೇ ನಿನಗೆ ಬರೆಯುತ್ತಿದ್ದೇನೆ ಎಂದುಕೋ.

ಅವನು ಮೊದಲ ಸಲ ಈ ಗೋದಾಮಿಗೆ ಬಂದ ದಿನ ನನಗೆ ನಿನ್ನೆಯಂತಿದೆ. ಕಿಟಕಿ ಒರೆಸುವ ಬಕೆಟ್ಟನ್ನು ಬಾಗಿಲಲ್ಲೇ ಇಟ್ಟು, ಕೇಳದೆ ಹೇಳದೆ ನಾವು ಹತ್ತುವುದನ್ನು ಕಲಿಸುವ ಗೋಡೆಗೆ ಅಂಟಿಕೊಂಡ. ಇಳಿ ಎಂದರೂ ಇಳಿಯಲಿಲ್ಲ. ಹಿಡಿದರೆ ಉಡದ ಪಟ್ಟು ಎಂದು ನಾನೇ ನಕ್ಕೆ. ಅಂದಿನಿಂದ ಊರಿಗೆಲ್ಲ ಅವನು ಉಡನೇ ಆದ. ಶಿಷ್ಯನಾಗಿದ್ದಾಗ ಏಕವಚನದಲ್ಲಿ ಬೈದು ರೂಢಿಯಾದ್ದರಿಂದ, ಅಳಿಯನಾದ ಮೇಲೂ ಬಹುವಚನ ನನ್ನ ನಾಲಗೆಗೆ ಹತ್ತಲಿಲ್ಲ. ಅವನ ಕಷ್ಟವೂ ಅದೇ. ಮಾವ ಅನ್ನಲೇ, ಮೇಷ್ಟ್ರು ಅನ್ನಲೇ ಎಂದು ಹೆಣಗಾಡಿ, ಕೊನೆಗೆ "ನೆಲದ ಮೇಲೆ ಮಾವ, ಗೋಡೆ ಮೇಲೆ ಮೇಷ್ಟ್ರು" ಎಂದು ತಾನೇ ತೀರ್ಪು ಕೊಟ್ಟ. ಭಯಪಟ್ಟ ಮಕ್ಕಳನ್ನು ಅವನಷ್ಟು ತಾಳ್ಮೆಯಿಂದ ಹತ್ತಿಸಿದವರನ್ನು ನಾನು ಕಂಡಿಲ್ಲ. ನನ್ನ ನಂತರ ಈ ಗೋಡೆ ಅವನದು ಎಂದು ಮನಸ್ಸಿನಲ್ಲಿ ಎಂದೋ ಬರೆದುಕೊಟ್ಟಿದ್ದೆ.

ನಮ್ಮ ಗೋದಾಮಿನ ಪದ್ಧತಿಯೂ ನಿನಗೆ ಗೊತ್ತು. ಆದರೂ ಇಂದು ಅದನ್ನು ಬರೆಯದೆ ನನಗೆ ಮುಂದೆ ಹೋಗಲಾಗುತ್ತಿಲ್ಲ. ಹತ್ತುವವರು ಕಾಲೆತ್ತುವ ಮೊದಲು "ಇದೀಯಾ?" ಎಂದು ಕೇಳಬೇಕು. ಕೆಳಗೆ ಹಗ್ಗ ಹಿಡಿದವರು ಗಂಟು ನೋಡಿ, ಕಾಲು ಊರಿ, "ಇದೀನಿ" ಎನ್ನಬೇಕು. ಆ ಮಾತು ಕಿವಿಗೆ ಬೀಳದೆ ಯಾರೂ ನೆಲ ಬಿಡುವಂತಿಲ್ಲ. ನೀವಿಬ್ಬರೂ ಅದನ್ನು ಮನೆಗೂ ಒಯ್ದಿರಿ. ಅವನು ಸ್ಟೂಲಿನ ಮೇಲೆ ನಿಂತು ಬಲ್ಬು ಬದಲಿಸುವಾಗಲೂ "ಇದೀಯಾ?" ಎನ್ನುತ್ತಿದ್ದ, ನೀನು ಒಲೆಯ ಮುಂದಿನಿಂದಲೇ, ಹಿಟ್ಟು ಮೆತ್ತಿದ ಕೈಯಲ್ಲಿ, "ಇದೀನಿ" ಎನ್ನುತ್ತಿದ್ದೆ. ನಿಮ್ಮ ಮದುವೆಯ ದಿನ ನನ್ನ ಕೈ ಹಿಡಿದು, "ಇವಳು 'ಇದೀನಿ' ಅನ್ನದೆ ನನ್ನ ಕಾಲು ನೆಲ ಬಿಡಲ್ಲ ಮಾವ" ಎಂದಿದ್ದ. ನಾನು ನಂಬಿದೆ. ನಂಬದಿರಲು ಕಾರಣವಾದರೂ ಏನಿತ್ತು?

ನಿನ್ನ ಕಾಲು ಉಳುಕಿ ನೀನು ಮನೆಯಲ್ಲುಳಿದಾಗ ಅವನು ಗಡಿಯಾರ ರಿಪೇರಿಯ ಹುಡುಗನನ್ನು ಜೊತೆಗೆ ಕರೆದುಕೊಂಡು ಬೆಟ್ಟಕ್ಕೆ ಹೋದ. ಆ ಹುಡುಗ ಒಬ್ಬನೇ ಮರಳಿ ಬಂದು ನಮ್ಮ ಮನೆಯಲ್ಲಿ ಕೂತು ಹೇಳಿದ್ದನ್ನು ನೀನು ಅರ್ಧ ಕೇಳಿ ಎದ್ದುಬಿಟ್ಟೆ. ಹೊಟ್ಟೆ ಕೆಟ್ಟು ತಾನು ಡೇರೆಯಲ್ಲಿ ಮಲಗಿದ್ದನೆಂದ. ಒಂದು ದಿನ ಕಾಯೋಣ ಎಂದು ಬೇಡಿಕೊಂಡನಂತೆ. "ಸ್ವಲ್ಪ ಮೇಲೆ ನೋಡ್ಕೊಂಡು ಬರ್ತೀನಿ, ನೀನು ಮಲಗು" ಎಂದು ಉಡ ಹೊರಟನಂತೆ. ಬಂಡೆಯ ಬುಡದಿಂದ "ಇದೀಯಾ?" ಎಂಬ ಕೂಗು ಕೇಳಿಸಿತಂತೆ. ಇವನು ಉತ್ತರ ಕೊಡಲು ತಲೆ ಎತ್ತುವಷ್ಟರಲ್ಲಿ ಉಡ ತಾನೇ ನಿನ್ನ ದನಿ ಅನುಕರಿಸಿ, "ಇದೀನಿ" ಎಂದು ಹೇಳಿಕೊಂಡು, ನಕ್ಕು, ಹತ್ತತೊಡಗಿದನಂತೆ. ನೀನು ಎದ್ದದ್ದು ಆಗ. "ಅದು ನನ್ನ ಮಾತು, ಅಪ್ಪಾ" ಎಂದೆ; ಅಷ್ಟೇ ಅಂದೆ. ಮರುದಿನ ಅತ್ತೆಯ ಊರಿನ ಬಸ್ಸು ಹತ್ತಿದೆ. ನೀನು ಕೇಳದೆ ಹೋದ ಉಳಿದರ್ಧ ಇಷ್ಟೇ: ಬಂಡೆಯ ಬುಡದಲ್ಲಿ, ಅವನು ಬಿದ್ದ ಜಾಗದ ಪಕ್ಕದಲ್ಲೇ, ಅವನ ಚೀಲ ಸಿಕ್ಕಿತು. ಹಗ್ಗ ಅದರೊಳಗೇ ಇತ್ತು. ಹೊರಡುವ ಮುನ್ನ ನೀನು ಚೀಲದ ಬಾಯಿಗೆ ಹಾಕಿಕೊಟ್ಟಿದ್ದ ಗಂಟನ್ನು ಅವನು ಬಿಚ್ಚಿರಲೇ ಇಲ್ಲ.

ಅವನು ಹಗ್ಗ ಕಟ್ಟಿಕೊಂಡೂ ಕಾಲು ಜಾರಿ ಸತ್ತಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ. ಹಗ್ಗ ಹರಿದು ಸತ್ತಿದ್ದರೆ ಹಗ್ಗವನ್ನು ಬೈಯುತ್ತಿದ್ದೆ. ಬೆಟ್ಟದ ಮೇಲೆ ನನಗೆ ದೂರಿಲ್ಲ; ಬೆಟ್ಟ ನಮಗೆ ಯಾವ ಮಾತನ್ನೂ ಕೊಟ್ಟಿರಲಿಲ್ಲ. ಮಾತು ಕೊಟ್ಟವನು ಅವನು. ಎಷ್ಟೋ ಜನರಿಗೆ ಕೈ ಕೊಟ್ಟು ಮೇಲೆತ್ತಿದವನು ನಮಗೆ ಮಾತ್ರ ಕೈಕೊಟ್ಟ. ನಮ್ಮ ಭಾಷೆ ಎರಡಕ್ಕೂ ಒಂದೇ ಮಾತನ್ನು ಯಾಕೆ ಇಟ್ಟಿದೆಯೋ ಎಂದು ಈ ವಯಸ್ಸಿನಲ್ಲಿ ಯೋಚಿಸುತ್ತಾ ಕೂತಿದ್ದೇನೆ. ಅವನನ್ನು ಪ್ರೀತಿಸುವುದು ನಿಂತಿದ್ದರೆ ಈ ಸಿಟ್ಟೂ ಎಂದೋ ನಿಲ್ಲುತ್ತಿತ್ತು.

ಇನ್ನು ಸಭೆಯ ವಿಷಯ. ಸಂಘದ ಅಧ್ಯಕ್ಷರಾದ ನಮ್ಮ ಹಲ್ಲಿನ ಡಾಕ್ಟರು ಗೋದಾಮಿನ ಬಾಗಿಲಲ್ಲಿ ಉಡನ ನೆನಪಿಗೆ ಒಂದು ಕಲ್ಲು ನಿಲ್ಲಿಸುವುದೆಂದು ಸಾರಿದರು. ಗಡಿಯಾರದವನ ಕಥೆ ಆಗಲೇ ಊರೆಲ್ಲ ತಿರುಗಿ, ತಿರುಗಿದಷ್ಟೂ ಚೆಂದವಾಗಿದೆ. ಸಾವಿನ ಮುಂದೆಯೂ ನಕ್ಕವನು, ಹಗ್ಗದ ಹಂಗು ತೊರೆದವನು ಎಂದೆಲ್ಲ ಒಬ್ಬರಾದ ಮೇಲೊಬ್ಬರು ಮಾತನಾಡಿದರು. ಕಲ್ಲಿನ ಮೇಲೆ ಕೆತ್ತಿಸುವುದು ಒಂದೇ ಮಾತು: "ಇದೀನಿ". ಅಂದರೆ ಅವನು ಇನ್ನೂ ನಮ್ಮೊಡನೆ ಇದ್ದಾನೆ ಎಂದು ಅರ್ಥವಂತೆ. ಚಪ್ಪಾಳೆ ನಿಲ್ಲಲೇ ಇಲ್ಲ. ಅಷ್ಟರಲ್ಲಿ ಬೇಕರಿಯವರ ಮಗಳು, ನಮ್ಮ ಗುಬ್ಬಿ, ಎದ್ದು ನಿಂತಳು. "ಹಾಗಾದ್ರೆ ಉಡಣ್ಣ ಮಾಡಿದ್ದು ಸರಿನಾ, ಮೇಷ್ಟ್ರೇ?" ಎಂದು ಎಲ್ಲರ ಮುಂದೆ ನನ್ನನ್ನೇ ಕೇಳಿದಳು. ಸಭೆಯಲ್ಲಿ ಅದೊಂದೇ ನಿಜವಾದ ಮಾತು. ನಾನು ಉತ್ತರಿಸಲು ಎದ್ದೆ; ಡಾಕ್ಟರು ನನ್ನ ಕಿವಿಯ ಹತ್ತಿರ ಬಾಗಿ, "ಸತ್ತವನ ಜೊತೆ ಜಗಳ ಯಾಕೆ ಮೇಷ್ಟ್ರೇ, ಕೂತ್ಕೊಳ್ಳಿ" ಎಂದರು. ಹಲ್ಲು ಕೀಳುವಾಗಲೂ ಅವರ ದನಿ ಅಷ್ಟೇ ಮೃದು. ನಾನು ಕೂತೆ.

ಮರುದಿನ ಮಧ್ಯಾಹ್ನ ಗೋದಾಮಿಗೆ ಬಂದರೆ ಒಳಗೆ ಮಕ್ಕಳ ನಗು. ಹಗ್ಗಗಳೆಲ್ಲ ಗೂಟದಲ್ಲಿ ಹಾಗೆಯೇ ತೂಗುತ್ತಿದ್ದವು. ಗುಬ್ಬಿ ಗೋಡೆಯ ಮೇಲ್ಭಾಗದಲ್ಲಿ, ಗಾಳಿಕಿಂಡಿಯ ಹತ್ತಿರ, ಸೊಂಟಕ್ಕೆ ಏನೂ ಕಟ್ಟಿಕೊಳ್ಳದೆ ನಿಂತಿದ್ದಳು. "ಇದೀಯಾ?" ಎಂದು ತಾನೇ ಕೂಗುವುದು, ದನಿ ಬದಲಿಸಿ "ಇದೀನಿ" ಎಂದು ತಾನೇ ಉತ್ತರಿಸುವುದು, ಕೆಳಗಿನವರು ಕೇಕೆ ಹಾಕುವುದು. ಅದಕ್ಕೆ ಆಗಲೇ ಉಡನ ಆಟ ಎಂದು ಹೆಸರು ಬಿದ್ದಿತ್ತು. ನನ್ನನ್ನು ಕಂಡು ನಗು ನಿಂತಿತು. ನಗು ನಿಂತ ಕೂಡಲೇ ಅವಳು ಕೆಳಗೆ ನೋಡಿದಳು. ನೋಡಿದ್ದೇ ತಡ, ಗೋಡೆಗೆ ಕೆನ್ನೆ ಒತ್ತಿ ನಿಂತುಬಿಟ್ಟಳು. ಆಮೇಲೆ ಅವಳು ಆಟದ ದನಿಯಲ್ಲದ ದನಿಯಲ್ಲಿ ಕೇಳಿದಳು: "ಮೇಷ್ಟ್ರೇ, ಇದೀರಾ?"

ನನ್ನ ಜೀವಮಾನದಲ್ಲಿ ಆ ಪ್ರಶ್ನೆಗೆ ಉತ್ತರ ಕೊಡದೆ ನಿಂತದ್ದು ಅದೇ ಮೊದಲು. ಹಗ್ಗವಿಲ್ಲದ ಕೈಯಿಂದ "ಇದೀನಿ" ಎಂದರೆ ಅದು ಸುಳ್ಳು. ಅಂಥ ಸುಳ್ಳೊಂದು ಆಗಲೇ ಒಬ್ಬನನ್ನು ನುಂಗಿತ್ತು. ಎಡಗಾಲಿನ ಕೆಳಗೆ ಹಸಿರು ಹಿಡಿ ಇದೆ, ನೋಡಬೇಡ, ಕಾಲ್ಬೆರಳಲ್ಲಿ ಹುಡುಕು ಎಂದೆ. ಬಲಗೈ ಬಿಡಬೇಡ, ಮೊದಲು ಉಸಿರು ಬಿಡು ಎಂದೆ. ಹಾಗೆ ಒಂದೊಂದೇ ಹಿಡಿ ಹೇಳುತ್ತಾ ಹೇಳುತ್ತಾ ಅವಳನ್ನು ಇಳಿಸಿಕೊಂಡೆ. ನೆಲ ಸಿಕ್ಕಿದ ಮೇಲೆ ಅವಳು ಅಳಲಿಲ್ಲ, ನಾನು ಬೈಯಲಿಲ್ಲ. "ನೀವು ಯಾಕೆ ಇದೀನಿ ಅನ್ಲಿಲ್ಲ?" ಎಂದು ಮಾತ್ರ ಕೇಳಿದಳು. ಸಭೆಯಲ್ಲಿ ಅವಳು ಕೇಳಿದ್ದಕ್ಕೂ ಸೇರಿಸಿ ಆಗ ಉತ್ತರ ಕೊಟ್ಟೆ. ಉಡಣ್ಣ ಮಾಡಿದ್ದು ಸರಿಯಲ್ಲ, ನಾನು ಅವನನ್ನು ಮಗನಂತೆ ಪ್ರೀತಿಸಿದ್ದೇನೆ, ಎರಡೂ ನಿಜ ಎಂದೆ. ದೊಡ್ಡವರಿಗಿಂತ ಮಕ್ಕಳಿಗೆ ಎರಡು ನಿಜಗಳನ್ನು ಒಟ್ಟಿಗೆ ಹೊರುವ ಶಕ್ತಿ ಹೆಚ್ಚು. ಅದಕ್ಕೇ ನನಗೆ ಅವರ ಮೇಲೆ ಭರವಸೆ.

ಗೋದಾಮಿಗೆ ಬೀಗ ಹಾಕಿ ನೇರ ಡಾಕ್ಟರ ಕ್ಲಿನಿಕ್ಕಿಗೆ ಹೋದೆ. ಬಾಯಿ ತೆರೆದು ಕೂತ ರೋಗಿಯ ಎದುರಿಗೇ, ಆ ಮಾತನ್ನು ಕಲ್ಲಿನ ಮೇಲೆ ಕೆತ್ತಿಸಕೂಡದು ಎಂದೆ. ಅದು ಹತ್ತುವವನ ಮಾತಲ್ಲ, ಕೆಳಗೆ ನಿಂತವರದು; ಅವನ ಹೆಸರಿನ ಕೆಳಗೆ ಅದು ಕೂತರೆ ಬರುವ ಮಕ್ಕಳೆಲ್ಲ ಹಗ್ಗದ ಎರಡು ತುದಿಯನ್ನೂ ತಾವೇ ಹಿಡಿಯಹೊರಡುತ್ತಾರೆ ಎಂದೆ. ಡಾಕ್ಟರು ತುಂಬ ಹೊತ್ತು ಕೈ ತೊಳೆದರು. ಕೊನೆಗೆ, ಅವನ ಹೆಂಡತಿ ಬೇಡ ಅಂದರೆ ನಿಲ್ಲಿಸುತ್ತೇವೆ, ಅವಳನ್ನೇ ಕೇಳಿ ಎಂದರು. ಕೇಳುತ್ತಿದ್ದೇನೆ. ಕಲ್ಲು ಇರಲಿ, ಅವನು ಪ್ರೀತಿಗೆ ಅರ್ಹನೇ. ಆದರೆ ಅವನ ಮಾತು ಅವನಿಗಿರಲಿ. ಅಲ್ಲಿ "ಇದೀಯಾ?" ಎಂದು ಕೆತ್ತಿಸಿದರೆ ಹೇಗೆ? ಬಾಗಿಲು ದಾಟುವ ಪ್ರತಿಯೊಬ್ಬರನ್ನೂ ಅವನು ಕೇಳುತ್ತಾ ಇರಲಿ. ಇದು ನನ್ನ ಆಲೋಚನೆಯಷ್ಟೇ. ಕಳವಾದದ್ದು ನಿನ್ನ ಮಾತು, ತೀರ್ಮಾನವೂ ನಿನ್ನದು. ಎರಡೂ ಬೇಡ ಎಂದರೂ ನಾನು ಎದುರಾಡುವುದಿಲ್ಲ.

ಅತ್ತೆಗೆ ನನ್ನ ನೆನಪು ಹೇಳು. ಹೊಲಿಗೆಯಲ್ಲಿ ಕಣ್ಣು ಹಾಳುಮಾಡಿಕೊಳ್ಳಬೇಡ ಎನ್ನು. ಅಮ್ಮ ನಿನ್ನ ಉಣ್ಣೆಯ ಅಂಗಿ ಕಟ್ಟಿಟ್ಟಿದ್ದಾಳೆ, ಕಳಿಸುವುದೋ ಇಟ್ಟುಕೊಳ್ಳುವುದೋ ಎಂದು ದಿನಕ್ಕೊಮ್ಮೆ ಬಿಚ್ಚುತ್ತಾಳೆ. ನಿನಗೆ ನಿದ್ದೆ ಬರಲಿ, ಅನ್ನ ರುಚಿಸಲಿ, ಸಿಟ್ಟು ಎಷ್ಟು ದಿನ ಬೇಕೋ ಅಷ್ಟು ದಿನ ಇದ್ದು ತಾನಾಗಿ ಎದ್ದು ಹೋಗಲಿ ಎಂದು ಹರಸುವ,

ನಿನ್ನ ಅಪ್ಪ
(ನೆಲದ ಮೇಲೂ, ಗೋಡೆಯ ಮೇಲೂ)

ತಾ.ಕ.: ಲಕೋಟೆ ಅಂಟಿಸುವಾಗ ಗುಬ್ಬಿ ಬಂದಳು, ಗೋದಾಮು ಯಾವಾಗ ತೆಗೀತೀರಾ ಎಂದು ಕೇಳಲು. ಶನಿವಾರ ಬೆಳಿಗ್ಗೆ ಎಂದುಬಿಟ್ಟೆ. ಹತ್ತಲು ಮಕ್ಕಳೆಲ್ಲ ತಯಾರು. ಕೆಳಗೆ ನಿಲ್ಲುವುದನ್ನು ಕಲಿಸಲು ಯಾರೂ ಇಲ್ಲ. ಗಡಿಯಾರದವನು ಹಗ್ಗ ಕಂಡರೆ ಮುಖ ತಿರುಗಿಸುತ್ತಾನೆ, ನನ್ನ ಭುಜದ ಕಥೆ ಮೇಲೆಯೇ ಬರೆದಿದ್ದೇನೆ. ಆ ಮಗು ಗೋಡೆಯ ಮೇಲಿಂದ ನನ್ನನ್ನು ಕೇಳಿದ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ಹಗ್ಗ ಹಿಡಿಯುವವಳಿಗೆ ಓಡುವ ಕಾಲು ಬೇಡ, ಊರಿ ನಿಲ್ಲುವ ಕಾಲು ಸಾಕು. ಚೀಲವನ್ನು ನಾನು ಬಿಚ್ಚಿಲ್ಲ. ಅದು ನಿನ್ನ ಗಂಟು. ಶುಕ್ರವಾರದ ಬಸ್ಸಿಗೆ ಬಾ, ನೀನೇ ಬಿಚ್ಚು, ಹಗ್ಗ ಹೊರಗೆ ತೆಗಿ. ಶನಿವಾರ ಶುರು ಮಾಡೋಣ.